ಆಯುಧಪೂಜೆಯ ದಿನ ಮುಚ್ಚಿದ ಸುರಂಗ

ಮೂರು ವರ್ಷದ ಹಿಂದಿನ ಆಯುಧಪೂಜೆಯ ಬೆಳಿಗ್ಗೆ, ಮಂಗಳಾರತಿ ಮುಗಿದು ಕರ್ಪೂರದ ವಾಸನೆ ಇನ್ನೂ ಹೋಗಿರದಿದ್ದಾಗ, ನಾನು ತಿಪಟೂರಿನ ನಮ್ಮ ಕೊಬ್ಬರಿ ಬೆಳೆಗಾರರ ಸಂಘದ ಕಂಪ್ಯೂಟರ್ ಕೋಣೆಯಲ್ಲಿ, ಬಾಗಿಲಿನ ಒಳಗೆ ಎಡಗಡೆ ನಿಂತಿದ್ದೆ. ಕೈಯಲ್ಲಿ ಆರತಿ ತಟ್ಟೆ ಇತ್ತು. ಅಲ್ಲಿಂದ, ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಅವರ ಲ್ಯಾಪ್‌ಟಾಪಿನ ಪರದೆ ಪೂರ್ತಿ ಕಾಣುತ್ತಿತ್ತು. ನಾನು ಸಂಘದ ಗುಮಾಸ್ತ. ನಿಂತ ಜಾಗವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ದಿನದ ನಷ್ಟ ಮಳೆಯಿಂದ ಆದದ್ದು ಎಂದು ಈಗ ಸಂಘದಲ್ಲಿ ಎಲ್ಲರೂ ಹೇಳುತ್ತಾರೆ.

ನಮಗೆ ತುರುವೇಕೆರೆಯಲ್ಲೂ ಹಂದನಕೆರೆಯಲ್ಲೂ ಶಾಖೆಗಳಿವೆ. ಬೆಳೆಗಾರರು ಶಾಖೆಗೆ ಕೊಬ್ಬರಿ ತಂದರೆ ಅಲ್ಲಿಯ ಕಂಪ್ಯೂಟರ್ ತಿಪಟೂರಿನ ದೊಡ್ಡ ಯಂತ್ರವನ್ನು ಕೇಳಿ ಲಾಟ್ ನಂಬರ್ ಪಡೆಯಬೇಕು. ನಂಬರ್ ಬಾರದೆ ಒಂದು ಚೀಲವನ್ನೂ ಗೋದಾಮಿನೊಳಗೆ ಬಿಡಬಾರದೆಂದು ಅಧ್ಯಕ್ಷರ ಆಜ್ಞೆ. ಈ ವ್ಯವಹಾರ ಇಂಟರ್‌ನೆಟ್ಟಿನ ಬಯಲಿನಲ್ಲಿ ನಡೆಯುವುದಿಲ್ಲ, ವಿಪಿಎನ್ ಎಂಬ ಸುರಂಗದೊಳಗೆ ನಡೆಯುತ್ತದೆ. ದೊಡ್ಡ ಯಂತ್ರ ಓಡುವುದು ಲಿನಕ್ಸ್ ಎಂಬ ತಂತ್ರಾಂಶದಿಂದ. ಅದರಲ್ಲಿ ಸುರಂಗದ ಬಾಯಿಗೆ ‘ಟನ್ ಸೊನ್ನೆ’ ಎಂದು ಹೆಸರು. ಆ ಬಾಯಿಯಲ್ಲಿ ಫೈರ್‌ವಾಲ್ ಕಾವಲಿದೆ. ಕಾವಲಿಗೆ ಒಂದು ಪಟ್ಟಿ ಕೊಟ್ಟಿದ್ದರು: ತುರುವೇಕೆರೆಯಿಂದ ಬಂದರೆ ಬಿಡು, ಹಂದನಕೆರೆಯಿಂದ ಬಂದರೆ ಬಿಡು, ಎಂಜಿನಿಯರ್ ಬಂದರೆ ಬಿಡು, ಯಾರೇ ಬಂದರೂ ಇಲ್ಲ. ಕಾವಲು ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲು ಹೊಂದಿದ ಸಾಲೇ ತೀರ್ಮಾನ, ಅದರ ಕೆಳಗಿನದನ್ನು ನೋಡುವುದೇ ಇಲ್ಲ. ಆ ‘ಇಲ್ಲ’ ಕೊನೆಯಲ್ಲಿ ಇದ್ದುದರಿಂದಲೇ ನಮ್ಮವರು ಒಳಗೆ ಬರುತ್ತಿದ್ದರು, ಕಳ್ಳರು ಹೊರಗಿರುತ್ತಿದ್ದರು.

ಅಧ್ಯಕ್ಷರು ಆ ವರ್ಷ ಪಟ್ಟಿಯನ್ನೂ ಕಾಗದದ ಮೇಲೆ ತೆಗೆಸಿ, ಅರಿಶಿನ ಹಚ್ಚಿಸಿ, ಯಂತ್ರದ ಮುಂದೆ ಇಡಿಸಿದ್ದರು. ಆರತಿ ತೆಗೆದುಕೊಂಡ ಮೇಲೆ ಕನ್ನಡಕ ಹಾಕಿಕೊಂಡು ಅದನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು.

“ಏನ್ರೀ ಇದು, ಹಬ್ಬದ ದಿನ ಕೊನೇ ಮಾತು ‘ಇಲ್ಲ’ ಅಂತಲಾ?”

ನಮ್ಮ ಕಡೆ ಮನೆಯಲ್ಲಿ ಅಕ್ಕಿ ಮುಗಿದರೆ ಇಲ್ಲ ಎನ್ನುವುದಿಲ್ಲ, ತುಂಬಿದೆ ಎನ್ನುತ್ತೇವೆ. ಹೊರಡುವವರು ಹೋಗುತ್ತೇನೆ ಎನ್ನದೆ ಬತ್ತೀನಿ ಎನ್ನುತ್ತಾರೆ. ಆದ್ದರಿಂದ ಅಧ್ಯಕ್ಷರ ಸಂಕಟ ನನಗೆ ಅರ್ಥವಾಯಿತು. “ಅದ್ನ ಮೇಲಕ್ಕೆ ಹಾಕ್ರೀ. ಕೊನೇಲಿ ‘ಬಿಡು’ ಅಂತ ಬರ್ಲಿ, ಚೆನ್ನಾಗಿರ್ತದೆ,” ಎಂದರು.

“ಸಾರ್, ಅದು ಮೇಲಿಂದ ಓದುತ್ತೆ,” ಎಂದೆ.

“ನಾವೂ ಮೇಲಿಂದ್ಲೇ ಕಣಪ್ಪ ಓದೋದು.”

ಎಂಜಿನಿಯರ್ ಒಪ್ಪಂದದ ಮೇಲೆ ಬರುವವರು, ನಡುವಯಸ್ಸು, ಯಾರಿಗೂ ಬೇಡ ಎಂದವರಲ್ಲ. “ಮಾಡೋಣ ಸಾರ್,” ಎಂದರು. ಪೂಜೆಯಾದ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಯಂತ್ರ ತಾನಾಗಿ ಓಡಲಿ, ಕೈ ತಾಗದಿದ್ದರಾಯಿತು ಎಂದು ಮೊದಲೇ ತೀರ್ಮಾನವಾಗಿತ್ತು. ಹಾಗಾಗಿ ಅವರು ಯಂತ್ರದ ಪಕ್ಕದಲ್ಲೇ ಕೂತು, ತಮ್ಮ ಲ್ಯಾಪ್‌ಟಾಪಿನಿಂದ, ಅದೇ ಸುರಂಗದ ಮೂಲಕ ಸುತ್ತಿ ಬಂದು ಒಳಹೊಕ್ಕರು. ‘ಇಲ್ಲ’ವನ್ನು ತಲೆಯ ಮೇಲೆ ಇಟ್ಟು ಎಂಟರ್ ಒತ್ತಿದರು. ಪರದೆ ಅಲ್ಲಿಗೇ ನಿಂತಿತು. ಎಂಜಿನಿಯರ್ ಬಂದರೆ ಬಿಡು ಎಂಬ ಸಾಲನ್ನು ಓದುವಷ್ಟು ಕೆಳಕ್ಕೆ ಕಾವಲು ಇನ್ನು ಇಳಿಯುವಂತಿರಲಿಲ್ಲ.

ಅಧ್ಯಕ್ಷರ ಫೋನು ಹೊಡೆದುಕೊಂಡಿತು. ಹಂದನಕೆರೆ ಶಾಖೆಯ ಮೇಲ್ವಿಚಾರಕ. ಸ್ಪೀಕರಿಗೆ ಹಾಕಿದರು.

“ಸಾರ್, ನಂಬರ್ ಬತ್ತಿಲ್ಲ. ಇಲ್ಲೊಬ್ರು ಅಮ್ಮ ಟ್ರಾಕ್ಟರ್ ತುಂಬ ಕೊಬ್ರಿ ತಂದವ್ರೆ. ಮೋಡ ಕವ್ಕಂಡೈತೆ.”

ಅಷ್ಟರಲ್ಲಿ ಆ ಹೆಂಗಸೇ ಫೋನ್ ಕಿತ್ತುಕೊಂಡರು. “ಸ್ವಾಮೇರ, ವರ್ಸೊಪ್ಪತ್ತು ಅಟ್ಟದ ಮ್ಯಾಲೆ ಕಾದಿರೋ ಕಾಯಿ. ಒಡ್ದು ಉಂಡೆ ತೆಗ್ದು ತಂದಿವ್ನಿ. ಒಂದ್ ಹನಿ ಬಿದ್ರೂ ಬೂಷ್ಟು ಹಿಡೀತದೆ. ಬಾಯಲ್ಲೇ ಹೇಳಿ, ಒಳಗಾಕ್ಲಿ.”

“ಬಾಯ್ಮಾತಲ್ಲಿ ಬುಟ್ರೆ ನಾಳೆ ಎಲ್ರೂ ಕೇಳ್ತಾರೆ ಕಣಮ್ಮ. ಮತ್ತೆ ಸಿಸ್ಟಮ್ಮು ಯಾಕಿರೋದು?”

“ಏನಂತೆ ನಿಮ್ ಸಿಸ್ಟಮ್ಮಿಗೆ?”

“ಪೂಜೆ ಆಗೈತೆ.”

“ಪೂಜೆ ಆದ್ಮೇಲೆ ನೆಟ್ಗಾಗ್ಬೇಕಲ್ವಾ ಸ್ವಾಮಿ? ನಿಮ್ದು ಕೆಟ್ ಕೂತದೆ!”

ಎಂಜಿನಿಯರ್ ಮೆಲ್ಲಗೆ ಹೇಳಿದರು: ಹೊಸ ಪಟ್ಟಿಯನ್ನು ಯಂತ್ರದಲ್ಲಿ ಇನ್ನೂ ಉಳಿಸಿಲ್ಲ, ಒಂದು ಸಲ ಆರಿಸಿ ಹಚ್ಚಿದರೆ ಹಳೆಯದೇ ಬರುತ್ತದೆ.

“ಹಬ್ಬದ ದಿನ ಆರ್ಸೋದಾ?” ಎಂದರು ಅಧ್ಯಕ್ಷರು.

ಕೀಬೋರ್ಡಿನ ಮೇಲೆ ಚೆಂಡುಹೂವಿನ ಹಾರವಿತ್ತು. ಗೋಡೆಯ ಸ್ವಿಚ್ಚಿಗೆ ಕುಂಕುಮವಿತ್ತು. ಸ್ವಿಚ್ಚು ಆಯುಧವೋ ಗೋಡೆಯೋ ಎಂಬ ಚರ್ಚೆ ಶುರುವಾಯಿತು. ಬೊಟ್ಟು ಇಟ್ಟಿದ್ದರಿಂದ ಆಯುಧ ಎಂದರು ಅಧ್ಯಕ್ಷರು. ಹಾಗಾದರೆ ಬೊಟ್ಟಿಟ್ಟ ಹೊಸಿಲೂ ಆಯುಧ, ದಾಟಿ ಯಾರೂ ಆಚೆಗೆ ಹೋಗುವಂತಿಲ್ಲ ಎಂದೆ. ಅವರು ನಗಲಿಲ್ಲ. ಕೊನೆಗೆ ಪೂಜೆ ಮಾಡಿಸಿದ ಅಯ್ಯನೋರನ್ನು ಕೇಳಿದರು.

ಅಯ್ಯನೋರು ದಕ್ಷಿಣೆಯನ್ನು ಸೊಂಟಕ್ಕೆ ಸಿಕ್ಕಿಸುತ್ತಾ, “ಮುಟ್ರೀ ಅತ್ಲಾಗೆ. ಕೊಬ್ರಿ ನೆನೆಸು ಅಂತ ಯಾವ ದೇವ್ರು ಹೇಳೈತೆ?” ಎಂದರು.

“ನೀವು ಹಂಗಂತೀರ, ಆದ್ರೆ ಸಂಪ್ರದಾಯ ಅಂತ ಒಂದೈತಲ್ಲ,” ಎಂದು ಅಧ್ಯಕ್ಷರು ಅವರಿಗೇ ತಿಳಿಹೇಳಿದರು.

ನಾನು ಸ್ವಿಚ್ಚಿನಿಂದ ಒಂದು ಮಾರು ದೂರದಲ್ಲಿದ್ದೆ. ನಾನೂ ಮುಟ್ಟಲಿಲ್ಲ. ಫೋನು ಸ್ಪೀಕರಿನಲ್ಲೇ ಇತ್ತು. ಮೊದಲು ಶಾಖೆಯ ತಗಡಿನ ಮೇಲೆ ಹನಿ ಬಿದ್ದ ಸದ್ದು ಕೇಳಿಸಿತು. ಆಮೇಲೆ ಟಾರ್ಪಾಲು ಎಳೆಯಿರೋ ಎಂಬ ಕೂಗು. ಆಮೇಲೆ ಬರೀ ತಗಡಿನ ಸದ್ದು. ಅಧ್ಯಕ್ಷರು ಬಹಳ ಹೊತ್ತು ಕೇಳಿಸಿಕೊಂಡು, “ಒಳ್ಳೇ ಮಳೆ. ಶುಭ,” ಎಂದು ಫೋನಿಟ್ಟರು. ದೃಷ್ಟಿಗೆ ಒಡೆದ ಬೂದುಗುಂಬಳದ ಚೂರು ಸೇರದ ಹಾಗೆ ನೋಡಿ ಎಲ್ಲರಿಗೂ ಪ್ರಸಾದ ಹಂಚಿದರು.

ಮರುದಿನ ಹಾರ ತೆಗೆದು ಯಂತ್ರ ಆರಿಸಿ ಹಚ್ಚಿದರು. ಹಳೆಯ ಪಟ್ಟಿ ಬಂತು, ಸುರಂಗ ತೆರೆಯಿತು, ಆ ಹೆಂಗಸಿನ ಕೊಬ್ಬರಿಗೆ ಮೊದಲನೆಯ ನಂಬರೇ ಸಿಕ್ಕಿತು. ಆದರೆ ಅಷ್ಟರೊಳಗೆ ಉಂಡೆಗಳ ಮೇಲೆ ಹಸಿರು ಹತ್ತಿತ್ತು. ಅದನ್ನು ಎಣ್ಣೆಗೆ ಹಾಕುವ, ಕಡಿಮೆ ಬೆಲೆಯ ಕೊಬ್ಬರಿ ಎಂದು ಬೇರೆ ಮಾಡಿದರು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಮಳೆಯನ್ನು ಬಯ್ದರು, ಎಂಜಿನಿಯರ್ ಹೌದು ಸಾರ್ ಎಂದರು.

ಇದನ್ನು ಕಂಡವರಲ್ಲಿ ಅಯ್ಯನೋರು ಹೋದ ವರ್ಷ ತೀರಿಕೊಂಡರು. ಅಧ್ಯಕ್ಷರಿದ್ದಾರೆ, ಈ ಸಲವೂ ಅವಿರೋಧವಾಗಿ ಆರಿಸಿ ಬಂದರು. ಎಂಜಿನಿಯರ್ ಇದ್ದಾರೆ, ಕೇಳಿದರೆ ಅವರು ನಿಮಗೂ ಹೌದು ಎನ್ನುತ್ತಾರೆ. ಹಂದನಕೆರೆಯ ಮೇಲ್ವಿಚಾರಕನಿದ್ದಾನೆ. ಆ ಹೆಂಗಸೂ ಇದ್ದಾರೆ. ಅವರು ಆಮೇಲೆ ಸಂಘಕ್ಕೆ ಒಂದು ಕಾಯಿಯನ್ನೂ ತಂದಿಲ್ಲ.