ಮೇಷ್ಟ್ರು ಕೊಟ್ಟ ಒಂದೇ ಸ್ಟಾರು

ಹಳೇಬೀಡಿನ ದೇವಸ್ಥಾನ ನೋಡಿ ಹೊರಗೆ ಬಂದವರು ಬಸ್ತಿಹಳ್ಳಿ ಕಡೆ ನಾಲ್ಕು ಹೆಜ್ಜೆ ಹಾಕಿದರೆ ನಮ್ಮ ಮೆಸ್ಸು. ಆದರೆ ಯಾರು ಹಾಕುತ್ತಾರೆ ಆ ನಾಲ್ಕು ಹೆಜ್ಜೆ? ಡ್ರೈವರುಗಳು ಪ್ರವಾಸಿಗಳನ್ನು ಸೀದಾ ಬೇಲೂರು ರಸ್ತೆಯ ದೊಡ್ಡ ಹೋಟೆಲಿಗೆ ಸಾಗಿಸುತ್ತಿದ್ದರು. ಅಲ್ಲಿ ಡ್ರೈವರಿಗೆ ಊಟ ಪುಕ್ಕಟೆ. ನಮ್ಮಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಅತ್ತೆಯ ಬೈಗುಳ ಮಾತ್ರ.

ಮೆಸ್ಸಿಗೆ ಅತ್ತೆಯದೇ ಹೆಸರು, ಅತ್ತೆಯದೇ ಕೈರುಚಿ. ಮುದ್ದೆ, ಬಸ್ಸಾರು, ಒಂದು ಪಲ್ಯ, ಅನ್ನ, ಮಜ್ಜಿಗೆ. ಬ್ಯಾಂಕಿನವರು, ಸ್ಕೂಲಿನವರು, ಬಸ್ಸಿನ ಕಂಡಕ್ಟರುಗಳು ಬಿಟ್ಟರೆ ಹೊಸ ಮುಖ ಕಾಣುತ್ತಿರಲಿಲ್ಲ. ನಮ್ಮ ಯಜಮಾನರು ಆಗಲೇ ಕೈಚೆಲ್ಲಿದ್ದರು. "ಈ ದೀಪಾವಳಿವರೆಗೆ ನೋಡೋಣ. ಆಗಲಿಲ್ಲ ಅಂದ್ರೆ ಮುಂದಿನ ರೂಮು ಮೊಬೈಲ್ ಅಂಗಡಿಯೋನಿಗೆ ಬಾಡಿಗೆ ಕೊಟ್ಟುಬಿಡೋಣ" ಎಂದರು. ಅತ್ತೆ ಅಲ್ಲೇ ಕಾಳು ಆರಿಸುತ್ತ ಕೂತಿದ್ದರು. ಆರಿಸಿಟ್ಟ ಕಾಳನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಮೊದಲಿಂದ ಆರಿಸತೊಡಗಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಆಗ ಪ್ರವಾಸಿಗಳು ಕೈಯಲ್ಲಿ ಇಂಟರ್‌ನೆಟ್ಟಿನ ಪ್ರಿಂಟು ಹಿಡಿದುಕೊಂಡು ಬರುವ ಕಾಲ. ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಎಲ್ಲ ಅದರಲ್ಲೇ. ಬೆಂಗಳೂರಿನಿಂದ ಟೂರಿಸ್ಟ್ ಬಸ್ಸು ಕಳಿಸುವ ಏಜೆಂಟರೊಬ್ಬರು ಒಮ್ಮೆ ನಮ್ಮಲ್ಲಿ ಊಟ ಮಾಡಿ, ಬೆರಳು ಚೀಪಿಕೊಂಡು, "ಮೇಡಂ, ನಮ್ಮ ಬಸ್ಸೆಲ್ಲಾ ಇಲ್ಲಿಗೇ ಕಳಿಸ್ತೀನಿ. ಆದ್ರೆ ಹುಡುಕಿದ್ರೆ ನಿಮ್ಮ ಹೋಟ್ಲು ಬರಬೇಕು. ನಾಲ್ಕು ಸ್ಟಾರ್ ಇರಬೇಕು. ನಮ್ಮ ಗಿರಾಕಿಗಳು ಅದನ್ನೇ ನೋಡೋದು" ಎಂದರು.

ಅಷ್ಟೇ ತಾನೇ! ಅರಸೀಕೆರೆಯಲ್ಲಿ ಟೈಪಿಂಗ್ ಕಲಿತು ಬಂದ ಹುಡುಗಿ ನಾನು, ಕೀಬೋರ್ಡಿಗೆ ಹೆದರುತ್ತೇನೆಯೇ? ಬೇಲೂರಿನ ಸೈಬರ್ ಸೆಂಟರಿನಲ್ಲಿ ಕೂತು, ಪ್ರವಾಸಿಗಳು ನೋಡುವ ಆ ಇಂಟರ್‌ನೆಟ್ಟಿನ ಹೋಟೆಲು ಪಟ್ಟಿಯಲ್ಲಿ ಅತ್ತೆಯ ಹೆಸರು, ದಾರಿ, ಫೋನ್ ನಂಬರು, ಊಟದ ಹೊತ್ತು ಎಲ್ಲ ಸೇರಿಸಿದೆ. ಮುದ್ದೆಯದೊಂದು ಫೋಟೋನೂ ಹಾಕಿದೆ. ಆಮೇಲೆ ದಿನಾ ಊಟಕ್ಕೆ ಬರುವವರಿಗೆಲ್ಲ ಹೇಳಿದೆ: "ಬೇಲೂರಿಗೆ ಹೋದಾಗ ಸೈಬರಲ್ಲಿ ನಮ್ಮ ಬಗ್ಗೆ ಎರಡು ಮಾತು ಬರೀರಪ್ಪಾ, ಸ್ಟಾರ್ ಒತ್ತಿ." ಪಾಪ, ಒಬ್ಬರೂ ಇಲ್ಲ ಅನ್ನಲಿಲ್ಲ. ನನ್ನ ಕೆಲಸ ಅಂತಲೇ ಬಸ್ಸು ಹತ್ತಿ ಹೋಗಿ ಬರೆದು ಬಂದರು.

ಮುಂದಿನ ವಾರ ಹೋಗಿ ನೋಡಿದರೆ, ಅಯ್ಯೋ ಶಿವನೇ! ಪಟ್ಟಿಯ ತೀರಾ ತಳದಲ್ಲಿ ಬಿದ್ದಿದ್ದೆವು. ಬ್ಯಾಂಕಿನ ಕ್ಯಾಷಿಯರು "ಪರವಾಗಿಲ್ಲ" ಅಂತ ಬರೆದು ಎರಡು ಸ್ಟಾರು ಕೊಟ್ಟಿದ್ದರು. ಕಂಡಕ್ಟರು "ತಿನ್ನಬಹುದು" ಅಂತ ಮೂರು. ಮಾದಿಹಳ್ಳಿಯಿಂದ ದಿನಾ ಮಧ್ಯಾಹ್ನದ ಬಸ್ಸಿಗೆ ನಮ್ಮಲ್ಲಿಗೆ ಊಟಕ್ಕೆಂದೇ ಬರುವ ರಿಟೈರ್ಡ್ ಮೇಷ್ಟ್ರು, ಹೆಂಡತಿ ತೀರಿಕೊಂಡ ಮೇಲೆ ನಮ್ಮತ್ತೆಯ ಮುದ್ದೆಯನ್ನೇ ನಂಬಿಕೊಂಡಿದ್ದ ಮನುಷ್ಯ, ಒಂದೇ ಒಂದು ಸ್ಟಾರು ಒತ್ತಿದ್ದರು! ಸಾರಿಗೆ ಉಪ್ಪು ಸ್ವಲ್ಪ ಮುಂದು ಅಂತ ಬೇರೆ ಸೇರಿಸಿದ್ದರು.

ನನ್ನ ಪಿತ್ತ ನೆತ್ತಿಗೇರಿತು. ಮಾರನೇ ದಿನ ತಟ್ಟೆ ಇಡುವ ಮೊದಲೇ ಕೇಳಿಬಿಟ್ಟೆ.

"ಏನ್ ಮೇಷ್ಟ್ರೇ, ಉಣ್ಣೋವಾಗ ಇಲ್ಲದ ಉಪ್ಪು ಬೇಲೂರಿಗೆ ಹೋದ ತಕ್ಷಣ ಹತ್ತಿತಾ?"

ಅವರು ಸುತ್ತಮುತ್ತ ನೋಡಿ ದನಿ ಇಳಿಸಿದರು. "ಉಪ್ಪು ಹದವಾಗೇ ಇತ್ತು ಕಣಮ್ಮ. ಲೋಕವೆಲ್ಲಾ ನೋಡೋ ಜಾಗ ಅದು. ಅಲ್ಲಿ ಚೆನ್ನಾಗಿದೆ ಅಂತ ಬರೆದರೆ ನಿಮ್ಮತ್ತೆ ಕೈಗೆ ದೃಷ್ಟಿ ತಾಕೋಲ್ವಾ? ಮಗೂಗೆ ಕೆನ್ನೆ ಮೇಲೆ ಕಪ್ಪು ಬೊಟ್ಟು ಇಡ್ತಾರಲ್ಲ, ಹಾಗೆ ಒಂದು ಕುಂದು ಇಟ್ಟೆ."

ಬೈಯಲು ಬಂದವಳು ತಟ್ಟೆ ಇಟ್ಟು ಮುದ್ದೆ ಬಡಿಸಿದೆ. ನಮ್ಮ ಕಡೆ ಉಣ್ಣುವ ಅನ್ನವನ್ನು ಎದುರಿಗೆ ಯಾರು ಹೊಗಳುತ್ತಾರೆ? ಮದುವೆಯೂಟ ಎಷ್ಟೇ ಚೆನ್ನಾಗಿರಲಿ, ಕೈತೊಳೆದು ಬಂದವರ ಬಾಯಲ್ಲಿ ಬರುವುದು "ಪರವಾಗಿಲ್ಲ" ಅನ್ನುವುದೇ. ನಾನೂ ಹಾಗೇ ಬೆಳೆದವಳು. ಆದರೆ ಕಂಪ್ಯೂಟರಿಗೆ ದೃಷ್ಟಿಯ ಭಯ ಇಲ್ಲವಲ್ಲ. ಅದು ಸ್ಟಾರು ಕೂಡಿತು, ನಮ್ಮನ್ನು ತಳಕ್ಕೆ ತಳ್ಳಿತು.

ಏಜೆಂಟರು ಫೋನ್ ಮಾಡಿದರು. ಅವರ ಹತ್ತಿರ ಉಪಾಯವೂ ಇತ್ತು. "ಮೇಡಂ, ಆ ಹೆಸರು ಕೆಟ್ಟುಹೋಯ್ತು, ಬಿಟ್ಟಾಕಿ. ಬೇರೆ ಒಳ್ಳೇ ಹೆಸರಲ್ಲಿ ಹೊಸದಾಗಿ ಸೇರಿಸಿ, ಬೋರ್ಡೂ ಬದಲಾಯಿಸಿ. ನಮ್ಮ ಆಫೀಸಿನವರೇ ಕೂತು ಚೆನ್ನಾಗಿ ಬರೀತಾರೆ. ತಿಂಗಳೊಪ್ಪತ್ತಲ್ಲಿ ನೀವೇ ಮೇಲೆ."

ಯಜಮಾನರು ಆಗಲಿ ಎಂದು ತಲೆಯಾಡಿಸಿದರು. ಅತ್ತೆ ಒಲೆ ಮುಂದಿನಿಂದ ಎದ್ದು ಬಂದರು. "ಹೆಸರು ಬದ್ಲಾಯ್ಸ್ಕೊಂಡು ಬದುಕಾಕೆ ನಾವೇನು ಕದ್ದು ಓಡಿಬಂದೋರಾ? ಇಲ್ಲಿ ಒಂದು ತುತ್ತು ಉಣ್ಣದೋರು ನನ್ನ ಸಾರಿನ ರುಚಿ ಏನಂತ ಬರೀತಾರೆ? ಅದಕ್ಕಿಂತ ಒಲೆಗೆ ನೀರು ಹಾಕೋದು ವಾಸಿ."

ಒಲೆಗೆ ನೀರು ಹಾಕುವ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾನೇ ಫೋನ್ ಎತ್ತಿಕೊಂಡೆ. ಏಜೆಂಟರಿಗೆ ಆಗುವುದಿಲ್ಲ ಅಂತ ಹೇಳಿದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಬೇಲೂರಿಗೆ ಹೋಗಿ ಪ್ರತಿಯೊಬ್ಬರ ಮಾತಿನ ಕೆಳಗೂ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಉತ್ತರ ಬರೆದೆ: ಇವರು ದಿನಾ ನಮ್ಮಲ್ಲೇ ಉಣ್ಣುವವರು, ನಮ್ಮೂರಲ್ಲಿ ಅನ್ನ ಹೊಗಳಿದರೆ ದೃಷ್ಟಿಯಾಗುತ್ತದೆ, ಸ್ಟಾರು ಬೇಕಾದವರು ಆಕಾಶ ನೋಡಿಕೊಳ್ಳಲಿ, ಹಸಿದವರು ಬರಲಿ. ಬರೆದು ಮುಗಿಸಿ ಹೊರಗೆ ಬಂದಾಗ ಹೊಟ್ಟೆ ತಣ್ಣಗಾಗಿತ್ತು.

ಬಸ್ಸುಗಳೆಲ್ಲ ದೊಡ್ಡ ಹೋಟೆಲಿಗೆ ಹೋದವು. ಹೋಗಲಿ! ಅತ್ತೆ ಮತ್ತು ನಾನು ಬೆಳಗಿನ ತಿಂಡಿಯನ್ನೂ ಶುರುಮಾಡಿದೆವು. ಮೊಬೈಲ್ ಅಂಗಡಿಯವನು ರೂಮು ಅಳೆಯಲು ಟೇಪು ಹಿಡಿದುಕೊಂಡು ಬಂದ. ಅವನಿಗೆ ಇಡ್ಲಿ ಕೊಟ್ಟು ಕಳಿಸಿದೆ. "ನೋಡೋಣ, ನಿಮ್ಮಿಬ್ಬರ ಹಟ ಎಷ್ಟು ದಿನ ಅಂತ" ಎಂದರು ಯಜಮಾನರು. ಮಾರನೇ ದಿನದಿಂದ ಅವರೇ ಎದ್ದು ಚಟ್ನಿಗೆ ಕಾಯಿ ತುರಿಯುತ್ತಿದ್ದರು.

ಆದರೆ ಮೇಷ್ಟ್ರು ಬರುವುದು ನಿಂತುಹೋಯಿತು. ಸ್ಟಾರು ಕಮ್ಮಿಯಾಗಿ ನಮಗೆ ಟೂರಿಸ್ಟ್ ಬಸ್ಸು ತಪ್ಪಿದ ವಿಷಯ ಯಾರೋ ಅವರ ಕಿವಿಗೆ ಹಾಕಿದ್ದರು. ಒಂದು ದಿನ ಕಾದೆ, ಎರಡು ದಿನ ಕಾದೆ. ಅತ್ತೆ ಅವರ ಪಾಲಿನ ಮುದ್ದೆಯನ್ನು ಎತ್ತಿಟ್ಟು, ಸಂಜೆ ದನಕ್ಕೆ ಹಾಕುವುದನ್ನು ನೋಡಲಾಗದೆ ಮಾದಿಹಳ್ಳಿಗೆ ಹೊರಟೆ.

ಮೇಷ್ಟ್ರು ಜಗಲಿಯಲ್ಲಿ ಅವಲಕ್ಕಿ ನೆನೆಸಿಕೊಂಡು ಕೂತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು. "ನಿಮ್ಮ ಅನ್ನ ತಿಂದು ನಿಮ್ಮ ಹೊಟ್ಟೆ ಮೇಲೇ ಹೊಡೆದೆ ಕಣಮ್ಮ. ಅಲ್ಲಿಗೆ ಯಾವ ಮುಖ ಹೊತ್ಕೊಂಡು ಬರಲಿ? ಹೇಳು, ಇವತ್ತೇ ಹೋಗಿ ಐದು ಒತ್ತಿ ಬರ್ತೀನಿ."

"ಐದು ಒತ್ತಿದ್ರೆ ನಿಮಗೆ ಮುದ್ದೆ ಹಾಕೋಲ್ಲ" ಎಂದೆ. "ನಮ್ಮತ್ತೆ ಕೈ ಚೆನ್ನಾಗಿರ್ಲಿ ಅಂತ ಇಟ್ಟ ಬೊಟ್ಟು ಅದು. ಅಳಿಸೋಕೆ ನೀವ್ಯಾರು? ಅವಲಕ್ಕಿ ಕೋಳಿಗೆ ಹಾಕಿ, ಬೀಗ ಹಾಕ್ಕೊಂಡು ನಡೀರಿ."

ದನಿ ಗಡಸಾಗಿಯೇ ಇತ್ತು, ಕಣ್ಣು ಮಾತ್ರ ಮಾತು ಕೇಳಲಿಲ್ಲ. ಮೇಷ್ಟ್ರು ಮಗುವಿನ ಹಾಗೆ ಬೀಗ ಹಾಕಿಕೊಂಡು ಬಂದರು.

ಸ್ಟಾಪಿನಲ್ಲಿ ಇಬ್ಬರೂ ನಿಂತಿದ್ದೆವು. ಆ ಏಜೆಂಟರ ಟೂರಿಸ್ಟ್ ಬಸ್ಸು ಧೂಳೆಬ್ಬಿಸಿಕೊಂಡು ನಮ್ಮ ಮುಂದೆಯೇ ಹಾದುಹೋಯಿತು, ಕಿಟಕಿ ತುಂಬ ಜನ. ಮೇಷ್ಟ್ರ ತಲೆ ಮತ್ತೆ ನೆಲಕ್ಕೆ ಬಾಗಿತು.

"ತಲೆ ಎತ್ತಿ ಮೇಷ್ಟ್ರೇ" ಎಂದೆ. "ನಮ್ಮ ಬಸ್ಸು ಅದರ ಹಿಂದೆ ಬರ್ತಾ ಐತೆ. ಕೈ ತೋರ್ಸಿ, ನಿಲ್ಲಿಸದೇ ಹೋದಾನು."