ಕತ್ತರಿ ಅಕ್ಕನ ಮಗಳ ಮಿದುಳಿನ ಅಲೆಗಳು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡೇ ಕುರ್ಚಿಗಳ ಒಂದು ಕ್ಷೌರದಂಗಡಿ. ಅದರ ಒಡತಿಯನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಾರೆ. ಕೈಯಲ್ಲಿನ ಕತ್ತರಿಗಿಂತ ನಾಲಿಗೆಯೇ ಹರಿತ ಎಂದು ಗಿರಾಕಿಗಳು ಕಾಲೆಳೆದರೆ, "ನಿಮ್ಮ ತಲೆ ನನ್ನ ಕೈಲಿದೆ, ನೋಡ್ಕೊಂಡು ಮಾತಾಡಿ" ಎನ್ನುತ್ತಾಳೆ. ಅಂಥವಳ ಬಾಯಿ ಕಟ್ಟಿಹೋದದ್ದು ಮಗಳಿಗೆ ಎಂಟು ತುಂಬಿದ ವರ್ಷ.

ಬೆಳಕು ಹರಿಯುವ ಹೊತ್ತು. ಮಗಳ ಹಾಸಿಗೆಯಿಂದ ಗೊರಗೊರ ಸದ್ದು ಕೇಳಿ ಓಡಿದಳು. ಹುಡುಗಿಗೆ ಎಚ್ಚರವಿತ್ತು, ಕಣ್ಣು ಅಮ್ಮನನ್ನೇ ನೋಡುತ್ತಿತ್ತು. ಆದರೆ ಬಾಯಿಯ ಒಂದು ಮೂಲೆ ಅದುರುತ್ತಾ ಪಕ್ಕಕ್ಕೆ ಎಳೆದುಕೊಂಡಿತ್ತು, ಜೊಲ್ಲು ಸುರಿಯುತ್ತಿತ್ತು. ಅತ್ತೆ ಚಮಚ ಹಿಡಿದುಕೊಂಡೇ ಬಂದರು. "ಹಲ್ಲಿನ ಮಧ್ಯೆ ಇಡೇ, ನಾಲಿಗೆ ಕಚ್ಕೊಂಡಾಳು!" ಅಷ್ಟರಲ್ಲಿ ಎಲ್ಲ ತಾನಾಗಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮಗಳು ತೊದಲಿದಳು: "ಅಮ್ಮಾ, ನಿನ್ನ ಕರೀಬೇಕು ಅಂತಿದ್ದೆ. ಮಾತೇ ಬರ್ಲಿಲ್ಲ."

ಆಸ್ಪತ್ರೆಯ ವೈದ್ಯೆ ಸಮಾಧಾನವಾಗಿ ಎಲ್ಲ ಕೇಳಿಕೊಂಡು, ತಲೆಗೆ ತಂತಿಗಳನ್ನಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಿಸಲು ಹೇಳಿದರು. ಆ ಕೋಣೆಯಲ್ಲಿ ಹಸಿರು ರೆಕ್ಸಿನ್ ಮಂಚ, ದಪ್ಪ ಪರದೆ, ಗೋಡೆಯ ಮೇಲೆ ಬಣ್ಣ ಮಾಸಿದ ಆನೆಮರಿ. ಮಗಳ ಕೂದಲೋ ಪೊದೆಯಷ್ಟು ದಟ್ಟ. ತಂತಿ ಅಂಟಿಸುವ ತಂತ್ರಜ್ಞ ಒದ್ದಾಡುವುದನ್ನು ಕಂಡು ಅಕ್ಕ, "ಬೈತಲೆ ನಾನು ತೆಗೀತೀನಿ, ನೀವು ಅಂಟಿಸ್ತಾ ಹೋಗಿ" ಎಂದಳು. ಇಬ್ಬರೂ ಸೇರಿ ಕೆಲಸ ಮುಗಿಸಿದರು.

ಮಗಳು ಎಚ್ಚರವಿದ್ದಷ್ಟು ಹೊತ್ತು ಕಂಪ್ಯೂಟರ್ ಪರದೆಯ ಮೇಲಿನ ಗೆರೆಗಳು ಮೆಲ್ಲಗೆ ಹರಿದವು. ನಿದ್ದೆ ಹತ್ತಿತೋ ಇಲ್ಲವೋ, ಕಿವಿಯ ಮೇಲ್ಭಾಗದ ತಂತಿಗಳ ಗೆರೆಗಳಲ್ಲಿ ಚೂಪು ಮೊನೆಗಳು ಗುಂಪುಗುಂಪಾಗಿ ಎದ್ದವು.

"ಇದು ಮೂರ್ಛೆರೋಗಾನೇ, ಮುಚ್ಚಿಡಲ್ಲ" ಎಂದರು ವೈದ್ಯೆ, ವರದಿ ನೋಡಿ. "ಆದ್ರೆ ಮಕ್ಕಳಿಗೆ ಬರೋ ಸೌಮ್ಯವಾದ ಬಗೆ. ಮುಖ, ನಾಲಿಗೆ ಆಡಿಸೋ ಜಾಗದ ಹತ್ರ ಈ ಮೊನೆಗಳು ಏಳ್ತವೆ, ನಿದ್ದೇಲಿ ಜಾಸ್ತಿ. ಹದಿಹರೆಯದಲ್ಲಿ ಸಾಮಾನ್ಯವಾಗಿ ತಾನಾಗೇ ಹೋಗುತ್ತೆ."

"ಅಲ್ಲೀವರೆಗೆ?"

"ಎಲ್ಲ ಮಕ್ಕಳ ಹಾಗೇ ಬೆಳೀಲಿ. ಬಂದ್ರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ. ಐದು ನಿಮಿಷವಾದ್ರೂ ನಿಲ್ಲದಿದ್ರೆ ಕರ್ಕೊಂಡು ಬನ್ನಿ."

ಚಮಚ ಅಡುಗೆಮನೆಗೆ ವಾಪಸಾಯಿತು. ಆದರೆ ಸುದ್ದಿ ಶಾಲೆಗೆ ಮುಟ್ಟಿತ್ತು. ಆ ವರ್ಷದ ಶಾಲಾ ನಾಟಕದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಿದ್ದ ಪಾತ್ರ ಮಗಳದ್ದು. ಟೀಚರು ಅದನ್ನು ಇನ್ನೊಬ್ಬಳಿಗೆ ಕೊಟ್ಟರು. ಮಗಳು ಅಳುತ್ತಾ ಮನೆಗೆ ಬಂದಳು. ಮರುದಿನ ಅಕ್ಕ ಅಂಗಡಿಗೆ ಬೀಗ ಹಾಕಿ ಶಾಲೆಗೆ ನಡೆದಳು.

"ಮೇಡಂ, ನನ್ನ ಮಗಳ ಬಾಯಿ ಕಟ್ಟೋದು ಎಲ್ಲೋ ಅಪರೂಪಕ್ಕೆ, ಅದೂ ನಿದ್ದೆಗಣ್ಣಲ್ಲಿ. ನೀವು ಅವಳು ಎಚ್ಚರ ಇರೋವಾಗ್ಲೇ ಕಟ್ತಿದ್ದೀರಲ್ಲ?"

ಟೀಚರ ಮುಖ ಸಪ್ಪಗಾಯಿತು. "ವೇದಿಕೆ ಮೇಲೆ ಏನಾದ್ರೂ ಆದ್ರೆ ಏನು ಮಾಡೋದು ಅಂತ ಭಯ ಆಯ್ತು. ತೋರಿಸ್ಕೊಡಿ, ಕಲೀತೀನಿ."

ಅಕ್ಕ ಅಲ್ಲೇ ತರಗತಿಯ ನೆಲದ ಮೇಲೆ ತಾನೇ ಮಲಗಿದಳು. ಮಕ್ಕಳೆಲ್ಲ ಕಿಸಿಕಿಸಿ ನಗುತ್ತಾ ಅವಳನ್ನು ಪಕ್ಕಕ್ಕೆ ಹೊರಳಿಸಿದರು. "ಮೆಲ್ಲಗೆ, ನಾನೇನು ಅಕ್ಕಿ ಮೂಟೆನಾ?" ಪಾತ್ರ ವಾಪಸು ಬಂತು. ಕೆಲವು ತಿಂಗಳ ನಂತರ ಪ್ರವಾಸದ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಮಗಳಿಗೆ ನಿಜವಾಗಿಯೂ ಬಂದಾಗ, ಪಕ್ಕದಲ್ಲಿದ್ದ ಗೆಳತಿಯರು ಕಿರುಚಲಿಲ್ಲ. ಪಕ್ಕಕ್ಕೆ ಒರಗಿಸಿ, ಕೈ ಹಿಡಿದು, ನಿಲ್ಲುವವರೆಗೆ ಕೂತರು. ಅದನ್ನು ಕೇಳಿದ ದಿನ ಅಕ್ಕ ಆ ಹುಡುಗಿಯರಿಗೆಲ್ಲ ಪುಕ್ಕಟೆ ಕೂದಲು ಕತ್ತರಿಸಿದಳು.

ಇಇಜಿ ಪರೀಕ್ಷೆಯ ನಂತರ ಮಕ್ಕಳ ತಲೆಯಲ್ಲಿ ಅಂಟು ಗಟ್ಟಿಯಾಗಿ ಉಳಿಯುತ್ತದೆ. ಹಾಗೇ ಬಸ್ಸಿಗೆ ಕಾಯುತ್ತಿದ್ದ ಮಕ್ಕಳು ನಾಚಿಕೆಯಿಂದ ತಲೆ ತಗ್ಗಿಸುವುದನ್ನು ಅವಳು ನೋಡಿದ್ದಳು. ಪರೀಕ್ಷೆಯ ಕೋಣೆಯ ಪಕ್ಕದಲ್ಲಿದ್ದ ನೀರಿನ ತೊಟ್ಟಿ ಬಳಸಲು ವೈದ್ಯೆಯಿಂದ ಒಪ್ಪಿಗೆ ಪಡೆದಳು. ಅಂಗಡಿ ರಜೆಯಿರುವ ದಿನ ಅಲ್ಲಿ ಬಿಸಿನೀರಿನಲ್ಲಿ ಮಕ್ಕಳ ತಲೆ ತೊಳೆದು, ಬಾಚಿ, ಜಡೆ ಹಾಕಿ ಕಳಿಸುತ್ತಾಳೆ. ಕಣ್ಣೊರೆಸಿಕೊಳ್ಳುತ್ತಾ ನಿಂತ ತಾಯಂದಿರಿಗೆ ಟವೆಲ್ ಹಿಡಿಯಲು ಕೊಡುತ್ತಾಳೆ. ಕೈಗೆ ಕೆಲಸ ಸಿಕ್ಕರೆ ಅಳು ಕಡಿಮೆಯಾಗುತ್ತದೆ ಎಂಬುದು ಅವಳ ಲೆಕ್ಕ.

ಮಗಳಿಗೆ ಹನ್ನೆರಡಾಗುವಷ್ಟರಲ್ಲಿ ಮೂರ್ಛೆ ಬರುವುದು ನಿಂತಿತು. ಅಲೆಗಳಲ್ಲಿ ಮಾತ್ರ ಮೊನೆಗಳು ಹಾಗೇ ಇದ್ದವು. ಅಕ್ಕ ಕುಗ್ಗಿದಾಗ ವೈದ್ಯೆ ನಕ್ಕರು. "ಅವು ಹೊರಟು ನಿಂತ ನೆಂಟರಿದ್ದಂತೆ, ಬಾಗಿಲಲ್ಲೇ ಒಂದು ಗಂಟೆ ಮಾತಾಡ್ತವೆ. ಮಗು ಹೇಗಿದ್ದಾಳೆ ನೋಡಿ, ಗೆರೆ ಬಿಡಿ."

ಹದಿನಾಲ್ಕರಲ್ಲಿ ಕೊನೆಯ ಪರೀಕ್ಷೆ. ಮಗಳು ನಿದ್ದೆಹೋದಳು. ತಂತ್ರಜ್ಞ ಕೈಸನ್ನೆ ಮಾಡಿ ಅಕ್ಕನನ್ನು ಪರದೆಯ ಬಳಿ ಕರೆದ. ಗೆರೆಗಳು ಹರಿಯುತ್ತಲೇ ಇದ್ದವು. ಒಂದು ಮೊನೆಯೂ ಏಳಲಿಲ್ಲ. ಅವಳು ರೆಪ್ಪೆ ಬಡಿಯದೆ ನೋಡುತ್ತಾ ನಿಂತಳು.

ಈಗ ಮಗಳು ಕಾಲೇಜಿನ ಚರ್ಚಾ ತಂಡದಲ್ಲಿದ್ದಾಳೆ. ಮೊನ್ನೆಯ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂತು. ತೀರ್ಪುಗಾರರಿಗೆ ತಲೆಯಿಲ್ಲ ಎಂದು ದಾರಿಯುದ್ದಕ್ಕೂ ವಾದಿಸಿದಳು. ಮನೆ ತಲುಪಿದ ಮೇಲೂ ಬಿಡಲಿಲ್ಲ. ಅತ್ತೆ ಕಿವಿ ಮುಚ್ಚಿಕೊಂಡರು. "ಇವಳ ಬಾಯಿ ಮುಚ್ಚಿಸೇ!"

"ನಾನ್ಯಾಕೆ ಮುಚ್ಚಿಸ್ಲಿ?" ಎಂದಳು ಕತ್ತರಿ ಅಕ್ಕ, ಮಗಳ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಾ. "ಹೇಳು ಮಗಳೇ. ಆಮೇಲೆ ನೀನೇನಂದೆ?"