ಮುಂಬಯಿಯಿಂದ ಒಂದೂವರೆ ಗಂಟೆ

ಐದು ವರ್ಷದ ಹಿಂದಿನ ಮಳೆಗಾಲ. ಆಗ ನಾನು ಬೈಂದೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಹೆಚ್ಚಿನ ಬಾಡಿಗೆ ಮಂಗಳೂರು ವಿಮಾನ ನಿಲ್ದಾಣದ್ದೇ. ಮುಂಬಯಿಯಿಂದ ಅಲ್ಲಿಗೆ ಆಕಾಶದಲ್ಲಿ ಸುಮಾರು ಏಳುನೂರು ಕಿಲೋಮೀಟರ್, ವಿಮಾನಕ್ಕೆ ಒಂದೂವರೆ ಗಂಟೆ. ಅಲ್ಲಿಂದ ನಮ್ಮ ಪಕ್ಕದ ಊರು ನಾವುಂದಕ್ಕೆ ಸುಮಾರು ನೂರಹತ್ತು ಕಿಲೋಮೀಟರ್. ಮಳೆ ಇದ್ದರೆ ಆ ದಾರಿಗೇ ಮೂರು ಗಂಟೆ ಬೇಕು.

ಒಂದು ಬೆಳಿಗ್ಗೆ ನಾವುಂದದ ಮೀನುಗಾರ ಮಂಜಯ್ಯ ತೀರಿಕೊಂಡರು. ಒಬ್ಬನೇ ಮಗ ಚಂದ್ರ ಮುಂಬಯಿಯ ಹೋಟೆಲಿನಲ್ಲಿ ಅಡುಗೆಯವನು. ಅವನು ಬಂದು ಚಿತೆಗೆ ಬೆಂಕಿ ಇಡಬೇಕು. ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ಸಿಕ್ಕಿತು. ಅವನನ್ನು ಕರೆತರಲು ನಾನು ಹೊರಟಾಗ ಮಂಜಯ್ಯನ ಹೆಂಡತಿ ಮುತ್ತಕ್ಕ ಕಾರಿನ ಹತ್ತಿರ ಬಂದರು.

"ಹ್ವಾಯ್, ಶೀನಣ್ಣ, ಮೆಲ್ಲ ಹೋಯ್ನಿ. ಇನ್ನೊಂದ್ ಹೆಣ ನಂಗ್ ಬೇಡ."

ನಿಲ್ದಾಣ ತಲುಪಿದಾಗ ವಿಮಾನ ಮುಂಬಯಿ ಬಿಟ್ಟಿದೆ ಎಂದು ಬೋರ್ಡಿನಲ್ಲಿ ಬಂದಿತ್ತು. ಮುತ್ತಕ್ಕನ ಅಣ್ಣ ಗೋವಿಂದಣ್ಣನಿಗೆ ಫೋನ್ ಮಾಡಿ ತಿಳಿಸಿದೆ.

"ಹಾರಿತಾ? ಒಂದೂವರೆ ಗಂಟೆ ಅಲ್ದಾ ಮಾರಾಯ, ಹಾಂಗಾರೆ ಬಂದ ಹಾಂಗೇ" ಎಂದು ಫೋನ್ ಇಟ್ಟುಬಿಟ್ಟರು.

ಅವರ ಮನೆತನದಲ್ಲಿ ಶವಕ್ಕೆ ಸ್ನಾನ ಮಾಡಿಸಿ ಅಂಗಳಕ್ಕೆ ಇಳಿಸಿದರೆ ಮತ್ತೆ ಒಳಗೆ ತರುವಂತಿಲ್ಲ. ಫೋನ್ ಇಟ್ಟ ಕೂಡಲೇ ಗೋವಿಂದಣ್ಣ ಇಳಿಸಿಬಿಟ್ಟರು.

ಮಂಗಳೂರಿನ ರನ್‌ವೇ ಗುಡ್ಡದ ಮೇಲಿದೆ. ಮೋಡ ಕೆಳಗಿಳಿದರೆ ಪೈಲಟ್‌ಗೆ ಕಾಣುವುದಿಲ್ಲ. ಆಗ ವಿಮಾನವನ್ನು ಬೇರೆ ಊರಿಗೆ ಕಳಿಸುತ್ತಾರೆ, ಅದಕ್ಕೆ ಡೈವರ್ಟ್ ಎನ್ನುತ್ತಾರೆ. ಅವತ್ತು ತಲೆಯ ಮೇಲೆ ಎರಡು ಸಲ ವಿಮಾನದ ಸದ್ದು ಕೇಳಿಸಿತು, ವಿಮಾನ ಕಾಣಲಿಲ್ಲ. ಆಮೇಲೆ ಬೋರ್ಡಿನಲ್ಲಿ ಬೆಂಗಳೂರು ಎಂದು ಬಂತು.

ಮನೆಗೆ ಫೋನ್ ಮಾಡಿದೆ. ಅಲ್ಲೂ ಜಡಿಮಳೆ. ನಾಲ್ಕು ಜನ ಶವದ ಮೇಲೆ ಟಾರ್ಪಾಲು ಹಿಡಿದು ನಿಂತಿದ್ದರಂತೆ, ಅಂಗಳದ ನೀರು ಚಾಪೆಯ ಅಡಿಗೆ ಬಂದಿತ್ತಂತೆ.

"ಒಳ್ಗ್ ತಪ್ಪುಕಾಗ, ಮಗ ಇಲ್ದೆ ಎತ್ತುಕಾಗ. ಎಂತ ಮಾಡುದ್ ಶೀನಣ್ಣ?" ಎಂದರು ಗೋವಿಂದಣ್ಣ.

ಸ್ವಲ್ಪ ಹೊತ್ತಿಗೆ ಬೆಂಗಳೂರಿನಿಂದ ಚಂದ್ರನ ಫೋನ್ ಬಂತು. ಘಾಟಿಯಲ್ಲಿ ಮಣ್ಣು ಕುಸಿದಿತ್ತು. ಬಸ್ಸಿನಲ್ಲಿ ಹೊರಟರೂ ಮುಟ್ಟುವುದು ಮರುದಿನ ಬೆಳಿಗ್ಗೆಯೇ.

"ಅಪ್ಪಯ್ಯನ್ನ ಎಲ್ಲ್ ಇಟ್ಟಿದ್ರ್?"

"ಅಂಗ್ಳದಂಗೆ."

"ಮಳಿ ಬತ್ತಿತ್ತಾ?"

"ಬತ್ತಿತ್."

"ಹಾಂಗಾರೆ ಕಾಯುದ್ ಬೇಡ. ತಂಗಿ ಬೆಂಕಿ ಇಡ್ಲಿ. ನೀವೇ ಹೇಳಿನಿ, ನಂಗೆ ಅಮ್ಮನ ಹತ್ರ ಹೇಳುಕ್ ಆತಿಲ್ಲ" ಎಂದ.

ಮನೆಗೆ ಫೋನ್ ಮಾಡಿ ಹೇಳಿದೆ. "ಗಂಡ್ ಮಗ ಜೀವಂತ ಇದ್ದ್..." ಎಂದು ಗೋವಿಂದಣ್ಣ ಶುರು ಮಾಡಿದರು. ಹಿಂದಿನಿಂದ ಮುತ್ತಕ್ಕನ ದನಿ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಅಣ್ಣ, ಸಮುದ್ರದಂಗೆ ನೆನ್ದದ್ದ್ ಸಾಕ್ ಅವ್ರಿಗೆ. ಎತ್ತಿ."

ಚಂದ್ರನ ತಂಗಿ ಶಾರದ ಬೆಂಕಿ ಇಟ್ಟಳು.

ಮರುದಿನ ಚಂದ್ರನನ್ನು ಕುಂದಾಪುರದ ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬಂದೆ. ಮನೆಗೆ ಹೋಗುವ ಮೊದಲು ಕಡಲ ಬದಿಯ ಸುಡುಗಾಡಿಗೆ ಬಿಡಲು ಹೇಳಿದ. ಬೂದಿ ಮಳೆಗೆ ಕೆಸರಾಗಿತ್ತು, ಅರ್ಧ ಸುಟ್ಟ ಒಂದು ಕೊರಡು ಉಳಿದಿತ್ತು. ಅದರ ಎದುರು ಕುಕ್ಕರಗಾಲಿನಲ್ಲಿ ಕೂತವನು ನನ್ನನ್ನು ನೋಡದೆ ಹೇಳಿದ: "ಎರಡ್ ಸಲ ಕೆಳ್ಗ್ ಬಂದಿತ್, ಶೀನಣ್ಣ. ತೆಂಗಿನ ಮರ ಕಂಡಿತ್. ಮತ್ತ್ ಮೇಲ್ ಹೋಯ್ತ್."

ಆಮೇಲೆ ಕಾರು ಓಡಿಸುವುದನ್ನು ನಿಲ್ಲಿಸುವವರೆಗೂ ಎಷ್ಟೋ ಸಾವಿನ ಮನೆಯವರು ಮುಂಬಯಿಯಿಂದ ಎಷ್ಟು ಹೊತ್ತು ಎಂದು ನನ್ನನ್ನು ಕೇಳಿದ್ದಾರೆ. ನಾನು ಗಂಟೆ ಹೇಳುತ್ತಿರಲಿಲ್ಲ.

"ಅವ್ರ್ ನನ್ನ ಕಾರಂಗೆ ಕೂತ್ಕಂಡ್ ಮೇಲೆ ಫೋನ್ ಮಾಡ್ತೆ. ಅಲ್ಲಿವರಿಗೆ ಅಂಗ್ಳಕ್ಕ್ ಇಳ್ಸ್‌ಬೇಡಿ, ಒಳ್ಗೇ ಇರ್ಲಿ" ಎನ್ನುತ್ತಿದ್ದೆ.